ಮೆಣಸಿನಕಾಯಿ ಯಂತ್ರ ಯಾರದು?

ಪ್ರಶ್ನೆ: ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬೌದ್ಧಿಕ ಆಸ್ತಿ ಪಾಲಿಸಿ ಬರೆಯುವ ಕಮಿಟಿಗೆ ನನ್ನನ್ನು ಹಾಕಿದ್ದಾರೆ. ಬೇರೆ ಸಂಸ್ಥೆಯ ಪಾಲಿಸಿ ಕೈಗೆ ಕೊಟ್ಟು, ‘ಹೆಸರು ಬದಲಿಸಿ ಹದಿನೈದು ದಿನದಲ್ಲಿ ಕೊಡಿ’ ಎಂದಿದ್ದಾರೆ. ಅದರಲ್ಲಿ ‘ಕ್ಯಾಂಪಸ್‌ನಲ್ಲಿ ಹುಟ್ಟಿದ್ದೆಲ್ಲ ಸಂಸ್ಥೆಯ ಸ್ವತ್ತು’ ಎಂದಿದೆ. ಹುಡುಗರ ಪ್ರಾಜೆಕ್ಟು, ನನ್ನ ನೋಟ್ಸು ಎಲ್ಲವೂ ಕಾಲೇಜಿನದೇನಾ?
— ಉಪನ್ಯಾಸಕಿ, ಬಳ್ಳಾರಿ

ಉತ್ತರ: ಮೇಡಂ, ಮೊದಲು ಆ ಸಾಲಿಗೆ ಕೆಂಪು ಪೆನ್ನು ಹಾಕಿ. ಆಮೇಲೆ ಈ ಕಥೆ ಓದಿ.

ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಮೂವರು ಹುಡುಗರು ಒಣಮೆಣಸಿನಕಾಯಿ ತೊಟ್ಟು ಬಿಡಿಸುವ ಯಂತ್ರ ಮಾಡಿದರು. ಮೊದಮೊದಲು ಅದು ತೊಟ್ಟು ಬಿಟ್ಟು ಕಾಯಿಯನ್ನೇ ಒಡೆದು ಬೀಜ ಚೆಲ್ಲುತ್ತಿತ್ತು. ಲ್ಯಾಬಿನಲ್ಲಿ ನಿಂತವರಿಗೆಲ್ಲ ಸೀನೋ ಸೀನು. ಸಿರುಗುಪ್ಪ ಕಡೆಯ ಒಬ್ಬ ಅಮ್ಮ, ಜೀವಮಾನವೆಲ್ಲ ಕೈಯಲ್ಲೇ ತೊಟ್ಟು ಬಿಡಿಸಿದವರು, ನೋಡಿ ನಕ್ಕರು. ‘ನೀರು ಚಿಮುಕಿಸಿ ಒಂದು ರಾತ್ರಿ ಗೋಣಿಚೀಲ ಮುಚ್ಚಿಡ್ರಪ್ಪ’ ಎಂದರು. ಮರುದಿನ ತೊಟ್ಟು ಸಲೀಸಾಗಿ ಕಳಚಿ ಬಿತ್ತು.

ಕಾಲೇಜಿನ ಹಬ್ಬದಲ್ಲಿ ಯಂತ್ರ ಇಟ್ಟರು. ಪೇಪರಿನಲ್ಲಿ ಫೋಟೋ ಬಂತು, ಒಳಗಿನ ರೋಲರ್ ಹೇಗಿದೆ ಅನ್ನೋದೂ ಬಂತು. ಆಮೇಲೆ ಶುರುವಾಯಿತು ನೋಡಿ. ಗೈಡ್ ನನ್ನದು ಎಂದರು, ಕಾಲೇಜು ನಮ್ಮದು ಎಂದಿತು, ಹುಡುಗರು ಅಳುವುದೊಂದು ಬಾಕಿ. ಆರು ತಿಂಗಳು ಇದೇ ಜಗಳ. ಕೊನೆಗೆ ಚೆನ್ನೈನ ಪೇಟೆಂಟ್ ಕೆಲಸದವರೊಬ್ಬರಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ: ‘ಅರ್ಜಿ ಹಾಕೋ ಮೊದಲೇ ಯಾಕೆ ಜನಕ್ಕೆ ತೋರಿಸಿದಿರಿ?’ ಜನಕ್ಕೆ ಮೊದಲೇ ತೋರಿಸಿಬಿಟ್ಟದ್ದಕ್ಕೆ ಪೇಟೆಂಟ್ ಸಿಗಲ್ಲ. ನಮ್ಮ ಕಾಯ್ದೆಯಲ್ಲಿ ಇದಕ್ಕೆ 12 ತಿಂಗಳ ವಿನಾಯಿತಿ ಇದೆ. ಆದರೆ ಅದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನದಂಥ ಕೆಲವೇ ಸಂದರ್ಭಕ್ಕೆ. ಕಾಲೇಜು ಹಬ್ಬ ಅದರಲ್ಲಿ ಬರಲ್ಲ. ಯಾರಿಗೂ ದಕ್ಕದ ವಸ್ತುವಿಗೆ ನಾವು ಆರು ತಿಂಗಳು ಕಚ್ಚಾಡಿದ್ದೆವು.

ಹಾಗಾಗಿ ನಿಮ್ಮ ಪಾಲಿಸಿಯ ಮೊದಲ ಪುಟದಲ್ಲೇ ಹಾಕಿ: ತೋರಿಸುವ ಮೊದಲು ಅರ್ಜಿ. ಪೂರ್ತಿ ವಿವರ ಸಿದ್ಧವಿಲ್ಲದಿದ್ದರೆ ತಾತ್ಕಾಲಿಕ ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ತಿ ವಿವರ ಕೊಡಬಹುದು. 2021ರಿಂದ ಶಿಕ್ಷಣ ಸಂಸ್ಥೆಗಳಿಗೂ ಶುಲ್ಕ ಇಳಿದಿದೆ. ಆನ್‌ಲೈನ್ ಅರ್ಜಿಗೆ 1,600 ರೂಪಾಯಿ. ಹಬ್ಬದ ಶಾಮಿಯಾನಕ್ಕೆ ಅದಕ್ಕಿಂತ ಜಾಸ್ತಿ ಕೊಡುತ್ತೀರಿ.

ಇನ್ನು ಯಾರದು ಅನ್ನೋ ಪ್ರಶ್ನೆ. 1970ರ ಪೇಟೆಂಟ್ ಕಾಯ್ದೆ ಪ್ರಕಾರ ಹಕ್ಕು ಹುಟ್ಟುವುದು ಕಂಡುಹಿಡಿದವರ ಬಳಿ. ಬೇರೆಯವರಿಗೆ ಹೋಗಬೇಕಾದರೆ ಬರಹದಲ್ಲಿ ಬರೆದುಕೊಡಬೇಕು. ಪಾಲಿಸಿ ಪುಸ್ತಕ ಕಪಾಟಿನಲ್ಲಿದ್ದ ಮಾತ್ರಕ್ಕೆ ಹುಡುಗನ ಹಕ್ಕು ಕಾಲೇಜಿಗೆ ಬರಲ್ಲ. ಅವನೇನು ನಿಮ್ಮ ನೌಕರ ಅಲ್ಲವಲ್ಲ, ಫೀ ಕಟ್ಟಿ ಓದುವವನು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವೇ ಇಲ್ಲಿ ಎಡವಿದೆ. ಅಲ್ಲಿನ ಸಂಶೋಧಕರೊಬ್ಬರು ಕೆಲಸಕ್ಕೆ ಸೇರುವಾಗ ‘ಹಕ್ಕು ಬರೆದುಕೊಡಲು ಒಪ್ಪುತ್ತೇನೆ’ ಎಂದು ಸಹಿ ಹಾಕಿದ್ದರು. ಆಮೇಲೆ ಪಿಸಿಆರ್ ಎಂಬ, ಡಿಎನ್‌ಎ ನಕಲು ಹೆಚ್ಚಿಸುವ ವಿಧಾನ ಕಲಿಯಲು ಸೀಟಸ್ ಎಂಬ ಕಂಪನಿಗೆ ಹೋದರು. ಅಲ್ಲಿ ಸಹಿ ಹಾಕಿದ ಕಾಗದದಲ್ಲಿ ‘ಈ ಮೂಲಕ ಬರೆದುಕೊಡುತ್ತೇನೆ’ ಎಂದಿತ್ತು. ಸೀಟಸ್‌ನ ಆ ವ್ಯವಹಾರ ಮುಂದೆ ರೋಶ್ ಎಂಬ ಔಷಧ ಕಂಪನಿಯ ಕೈಗೆ ಹೋಯಿತು. ಎಚ್‌ಐವಿ ಪರೀಕ್ಷೆಯ ಪೇಟೆಂಟ್ ಜಗಳ ಅಮೆರಿಕದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ, 2011ರಲ್ಲಿ ಸ್ಟ್ಯಾನ್‌ಫರ್ಡ್ ಸೋತಿತು. ನಮ್ಮ ಕಡೆ ಹೊಲ ಮಾರುವಾಗ ಕರಾರು ಪತ್ರ ಬೇರೆ, ಖರೀದಿ ಪತ್ರ ಬೇರೆ ಅಲ್ವಾ? ಅಡ್ವಾನ್ಸ್ ಕೊಟ್ಟು ಕರಾರು ಮಾಡಿಕೊಂಡವನು ಮನೆಯಲ್ಲಿ ಕೂತಿರುತ್ತಾನೆ, ಇನ್ನೊಬ್ಬ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಖರೀದಿ ಮುಗಿಸಿಕೊಂಡು ಬರುತ್ತಾನೆ. ಅದೇ ಕಥೆ.

ನನ್ನ ಪ್ರಕಾರ ಕಾಲೇಜಿನ ದುಡ್ಡು, ಕಾಲೇಜಿನ ದೊಡ್ಡ ಯಂತ್ರ ಬಳಸಿದ್ದರೆ ಮಾತ್ರ ಕಾಲೇಜು ಕೈ ಚಾಚಬೇಕು. ಅದನ್ನೂ ಕೆಲಸ ಶುರುವಾಗುವ ಮೊದಲೇ ಸಹಿ ಮಾಡಿಸಿಕೊಳ್ಳಬೇಕು, ದುಡ್ಡು ಬಂದರೆ ಯಾರಿಗೆಷ್ಟು ಅಂತ ಅದೇ ಕಾಗದದಲ್ಲಿರಬೇಕು. ‘ಜಗಳ ಬೇಡ, ಇಬ್ಬರ ಹೆಸರಲ್ಲೂ ಇರಲಿ’ ಎಂದು ಸುಮ್ನೆ ಬರೆದುಬಿಡಬೇಡಿ. ಜಂಟಿ ಮಾಲೀಕರಲ್ಲಿ ಒಬ್ಬರು ಒಪ್ಪದಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಇನ್ನೊಬ್ಬರು ಪೇಟೆಂಟನ್ನು ಯಾವ ಕಂಪನಿಗೂ ಲೈಸೆನ್ಸ್ ಕೊಡಲಾಗದು. ಜಂಟಿ ಖಾತೆ ಹೊಲದ ಕಷ್ಟ ನಿಮಗೆ ಗೊತ್ತೇ ಇದೆ. ಮತ್ತೆ ಆ ಗೋಣಿಚೀಲದ ಅಮ್ಮನಂಥವರಿಗೂ ಒಂದು ಸಾಲು ಇರಲಿ. ಹುಡುಗರ ವರದಿಯಲ್ಲಿ ಆಕೆಯ ಹೆಸರೇ ಇರಲಿಲ್ಲ. ಆಗ ನನಗೂ ಹೊಳೆಯಲಿಲ್ಲ.

ನಿಮ್ಮ ನೋಟ್ಸು? ಉದ್ಯೋಗದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸ ಕೊಟ್ಟವರದು ಎನ್ನುತ್ತದೆ 1957ರ ಕಾಪಿರೈಟ್ ಕಾಯ್ದೆ. ಪೆನ್ನು ನಿಮ್ಮ ಕೈಯಲ್ಲೇ ಇದೆಯಲ್ಲ, ‘ನೋಟ್ಸು, ಪಠ್ಯಪುಸ್ತಕ ಬರೆದವರದೇ’ ಎಂದು ಪಾಲಿಸಿಯಲ್ಲಿ ಸೇರಿಸಿಬಿಡಿ.

ಪ್ರಶ್ನೆ: ಕಿನ್ನಾಳದ ಗೊಂಬೆಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ನನ್ನ ಪ್ರಬಂಧವನ್ನು ಗೈಡ್ ತಮ್ಮ ಹೆಸರಲ್ಲಿ ಪುಸ್ತಕ ಮಾಡುತ್ತಾರಂತೆ. ಮಾಡಬಹುದಾ?
— ಸಂಶೋಧನಾ ವಿದ್ಯಾರ್ಥಿ, ಕೊಪ್ಪಳ

ಉತ್ತರ: ಮಾಡುವ ಹಾಗಿಲ್ಲ. ನೀವು ಬರೆದುಕೊಡದಿದ್ದರೆ ಪ್ರಬಂಧದ ಕಾಪಿರೈಟ್ ನಿಮ್ಮದೇ. ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ. ತಿದ್ದಿ ಕೊಟ್ಟ ಮಾತ್ರಕ್ಕೆ ಗೈಡ್ ಲೇಖಕರಾಗಲ್ಲ. ಆದರೆ ಗೊಂಬೆ ನಿಮ್ಮದಲ್ಲ ಮಾರಾಯ! ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಕದ, ಅಂದರೆ ಇದು ಇದೇ ಊರಿನ ವಸ್ತು ಎಂಬ ಗುರುತಿನ ಮನ್ನಣೆ ಇದೆ, ಅದು ಗೊಂಬೆ ಮಾಡುವವರಿಗೆ ಸೇರಿದ್ದು. ಚಿತ್ರಗಾರ ಮನೆಗಳಲ್ಲಿ ಕೂತು ಫೋಟೋ ತೆಗೆದಿರುತ್ತೀರಿ, ಬಣ್ಣದ ಗುಟ್ಟು ಕೇಳಿ ಬರೆದುಕೊಂಡಿರುತ್ತೀರಿ. ಪುಸ್ತಕ ಮಾಡುವ ಮೊದಲು ಅವರನ್ನೂ ಒಂದು ಮಾತು ಕೇಳಿ. ಗೈಡ್‌ಗೆ ಎದುರಾಎದುರು ಹೇಳಲು ಅಂಜಿಕೆಯಾದರೆ ಇವತ್ತೇ ಒಂದು ಇಮೇಲ್ ಹಾಕಿ: ‘ಸರ್, ಪ್ರಬಂಧವನ್ನು ನಾನೇ ಪುಸ್ತಕ ಮಾಡಬೇಕೆಂದಿದ್ದೇನೆ, ನೀವು ಮುನ್ನುಡಿ ಬರೆದುಕೊಡಬೇಕು.’