ಇಲಿಯ ಮಿದುಳಿಗೆ ನಮ್ಮ ಹೆಸರು ಅಂಟಿಸಬೇಡಿ

ಪ್ರಿಯ ಗೆಳತಿ,

ನೀವು ಕಳಿಸಿದ ‘ದಾರಿ ನೆನಪಿಡುವ ಮಿದುಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದದ ಉತ್ತರ.

ಮೊದಲು ಅಜ್ಜಿಯ ಭಾಗ. ಐವತ್ತು ವರ್ಷ ಓಡಾಡಿದ ರಥಬೀದಿಯಲ್ಲಿ ಒಂದು ಸಂಜೆ ಹೂ ಮಾರುವವರ ಹತ್ತಿರ ನಿಂತು “ನಮ್ಮ ಮನೆ ಯಾವ ಕಡೆ ಮಾರಾಯ್ರೆ?” ಎಂದು ಕೇಳಿದರಲ್ಲ, ಅಲ್ಲಿ ನನಗೆ ಮುಂದೆ ಓದಲು ಆಗಲಿಲ್ಲ. ಆ ಪುಟದ ಒಂದಕ್ಷರವನ್ನೂ ಮುಟ್ಟಬೇಡಿ.

ತೊಂದರೆ ಇರುವುದು ಎರಡನೇ ಪುಟದಲ್ಲಿ. ನೀವು ಬರೆದದ್ದು ಹೀಗಿದೆ: “ಇಲಿಯ ಪ್ಯಾರಾಹಿಪ್ಪೋಕ್ಯಾಂಪಲ್ ಭಾಗದಲ್ಲಿ 2005ರಲ್ಲಿ ಜಾಗ ಗುರುತಿಸುವ ಗ್ರಿಡ್ ಕೋಶಗಳು ಸಿಕ್ಕವು. ಮನೆ, ಬೀದಿಯ ಚಿತ್ರ ಕಂಡಾಗ ಮನುಷ್ಯರಲ್ಲಿ ಚುರುಕಾಗುವುದೂ ಇದೇ ಭಾಗ. ಆಲ್‌ಝೈಮರ್ಸ್ ಬಂದಾಗ ಅಜ್ಜಿಯಲ್ಲಿ ಮೊದಲು ಹಾಳಾದದ್ದೂ ಇದೇ.”

ಮೂರು ವಾಕ್ಯ, ಮೂರು ಬೇರೆ ಬೇರೆ ಜಾಗ. ಹೆಸರು ಮಾತ್ರ ಒಂದೇ.

ನಮ್ಮ ಉಡುಪಿಯನ್ನೇ ನೋಡಿ. ಅದು ಊರೂ ಹೌದು, ತಾಲೂಕೂ ಹೌದು, 1997ರಿಂದ ಜಿಲ್ಲೆಯೂ ಹೌದು. ಬೈಂದೂರಿನವರು ಬೆಂಗಳೂರಲ್ಲಿ “ನಮ್ಮದು ಉಡುಪಿ” ಅಂದರೆ ತಪ್ಪಿಲ್ಲ. ಅದನ್ನು ನಂಬಿ ರಥಬೀದಿಯಲ್ಲಿ ಅವರ ಮನೆ ಹುಡುಕಿದರೆ ಸಿಗುತ್ತದಾ? ಇಲ್ಲೂ ಹಾಗೆಯೇ. ಪ್ಯಾರಾಹಿಪ್ಪೋಕ್ಯಾಂಪಲ್ ಅಂದರೆ ನೆನಪಿಗೆ ಬೇಕಾದ ಹಿಪ್ಪೋಕ್ಯಾಂಪಸ್ ಎಂಬ ಭಾಗದ ಪಕ್ಕದ್ದು. ಪ್ಯಾರಾಹಿಪ್ಪೋಕ್ಯಾಂಪಲ್ ಜೈರಸ್ ಅಂದರೆ ಕಿವಿಯ ಬಳಿಯ ಟೆಂಪೊರಲ್ ಲೋಬಿನ ಒಳಬದಿಯ ಉದ್ದನೆಯ ಮಡಿಕೆ. ಕಾರ್ಟೆಕ್ಸ್ ಎಂಬುದು ಮಿದುಳಿನ ಹೊರಪದರ; ಪ್ಯಾರಾಹಿಪ್ಪೋಕ್ಯಾಂಪಲ್ ಕಾರ್ಟೆಕ್ಸ್ ಅಂದರೆ ಆ ಮಡಿಕೆಯ ಹಿಂಭಾಗ ಮಾತ್ರ. ಪ್ಯಾರಾಹಿಪ್ಪೋಕ್ಯಾಂಪಲ್ ರೀಜನ್ ಅಂದರೆ ಅಕ್ಕಪಕ್ಕದ ಎಂಟೊರೈನಲ್, ಪೆರಿರೈನಲ್ ಎಂಬ ಭಾಗಗಳೂ ಸೇರಿದ ಇಡೀ ಜಿಲ್ಲೆ.

ಗ್ರಿಡ್ ಕೋಶ ಸಿಕ್ಕಿದ್ದು ಎಂಟೊರೈನಲ್ ಕಾರ್ಟೆಕ್ಸಿನಲ್ಲಿ. ಮನೆ, ಬೀದಿಗೆ ಚುರುಕಾಗುವ ಜಾಗವನ್ನು 1998ರಲ್ಲಿ ಎಪ್‌ಸ್ಟೀನ್ ಮತ್ತು ಕಾನ್ವಿಶರ್ ಎಂಬ ಸಂಶೋಧಕರು ತೋರಿಸಿದರು, ಅದು ಇರುವುದು ಮಡಿಕೆಯ ಹಿಂಭಾಗದಲ್ಲಿ. ಇನ್ನು ಆಲ್‌ಝೈಮರ್ಸ್. ಕಾರ್ಟೆಕ್ಸಿನಲ್ಲಿ ನರಕೋಶದ ಒಳಗಿನ ಪ್ರೋಟೀನ್ ಸಿಕ್ಕುಗಳು ಮೊದಲು ಕಾಣುವುದು ಎಂಟೊರೈನಲ್ ಮತ್ತು ಪೆರಿರೈನಲ್ ಕೂಡುವ ಅಂಚಿನಲ್ಲಿ, ಅಂದರೆ ಮಡಿಕೆಯ ಮುಂಭಾಗದಲ್ಲಿ. ಸಂಶೋಧಕರಾದ ಬ್ರಾಕ್ ದಂಪತಿ 1991ರಲ್ಲಿ ಇದನ್ನು ಹಂತ ಹಂತವಾಗಿ ಗುರುತಿಸಿದರು. ಮನೆಯಲ್ಲಿ ಇದೇ ಕಾಯಿಲೆಯವರನ್ನು ನೋಡಿಕೊಳ್ಳುವ ಯಾರೋ ನಿಮ್ಮ ಲೇಖನ ಓದುತ್ತಾರೆ. ಅವರಿಗೆ ತಪ್ಪು ಜಾಗ ತೋರಿಸಬಾರದು, ಅಲ್ವಾ?

ಈಗ ಇಲಿ. ಅದಕ್ಕೆ ಪ್ಯಾರಾಹಿಪ್ಪೋಕ್ಯಾಂಪಲ್ ಜೈರಸ್ ಇಲ್ಲವೇ ಇಲ್ಲ. ಅದರ ಮಿದುಳು ಸಿಪ್ಪೆ ಸುಲಿದ ಗೇರುಬೀಜದ ಹಾಗೆ ನುಣ್ಣಗಿರುತ್ತದೆ. ನಮ್ಮಂತೆ ಮುಂದಕ್ಕೆ ಚಾಚಿದ ಟೆಂಪೊರಲ್ ಲೋಬೂ ಇಲ್ಲ. ಬದಿಯಲ್ಲಿ ಉದ್ದಕ್ಕೆ ಒಂದು ಗೀರು ಇದೆ, ರೈನಲ್ ಸಲ್ಕಸ್. ಗ್ರೀಕಿನಲ್ಲಿ ‘ರೈನ್’ ಅಂದರೆ ಮೂಗು. ಆ ಗೀರನ್ನು ಹಿಡಿದುಕೊಂಡರೆ ಹೆಸರುಗಳು ತಾವೇ ಬಿಡಿಸಿಕೊಳ್ಳುತ್ತವೆ: ಎಂಟೊರೈನಲ್ ಅದರ ಒಳಬದಿ, ಪೆರಿರೈನಲ್ ಅದರ ಸುತ್ತ, ಪೋಸ್ಟ್‌ರೈನಲ್ ಅದರ ಹಿಂದೆ. ಓದುಗರಿಗೆ ಬೇಕಾದದ್ದು ಈ ನಾಲ್ಕು ಸಾಲು. ನಿಮ್ಮ ಲೇಖನದಲ್ಲಿ ಅದೇ ಇಲ್ಲ.

ನಮ್ಮ ಪ್ಯಾರಾಹಿಪ್ಪೋಕ್ಯಾಂಪಲ್ ಕಾರ್ಟೆಕ್ಸಿಗೆ ಇಲಿಯಲ್ಲಿ ಜೋಡಿ ಈ ಪೋಸ್ಟ್‌ರೈನಲ್. ಮಂಗನಲ್ಲಿ ಅದೇ ಜಾಗಕ್ಕೆ ಟಿಎಚ್, ಟಿಎಫ್ ಎಂಬ ಅಕ್ಷರಗಳು. 1990ರ ದಶಕದಲ್ಲಿ ಸಂಶೋಧಕಿ ರೆಬೆಕಾ ಬರ್ವೆಲ್ ಮತ್ತು ಸಂಗಡಿಗರು ಇದನ್ನು ಹೊಂದಿಸಿದ್ದು ಸುಮ್ನೆ ಆಕಾರ ನೋಡಿ ಅಲ್ಲ. ನರದ ಎಳೆಗಳು ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಎಂದು ಹಿಡಿದು ನೋಡಿದರು. ಮಲ್ಪೆಯ ಬೂತಾಯಿ ಕುಂದಾಪುರದಲ್ಲಿ ಬೈಗೆ ಆಗುತ್ತದೆ. ಅಲ್ಲಿ ಮೀನು ಅದೇ, ಹೆಸರು ಬೇರೆ. ಮಿದುಳಿನಲ್ಲಿ ಅಷ್ಟು ಸಲೀಸಲ್ಲ. ಇಲ್ಲಿರುವುದು ಒಂದೇ ಕುಲದ ಎರಡು ಮೀನು. ಅದಕ್ಕೇ ಇಲಿಯ ಭಾಗವನ್ನು ನಮ್ಮದಕ್ಕೆ ಹೋಲಿಸುವ ಕಡೆ ‘ಇದೇ ಭಾಗ’ ಬೇಡ, ‘ಇದಕ್ಕೆ ಸಾಟಿಯಾದ ಭಾಗ’ ಎಂದು ಬರೆಯಿರಿ.

ಲೇಖನದ ಜೊತೆಗಿನ ಚಿತ್ರದಲ್ಲೂ ಇದೇ ತಪ್ಪು ನುಸುಳಿದೆ. ಇಲಿಯ ಹಿಪ್ಪೋಕ್ಯಾಂಪಸ್ ಬಾಳೆಹಣ್ಣಿನಂತೆ ಮೇಲಿನಿಂದ ಬಾಗಿ ಕೆಳಗಿಳಿಯುತ್ತದೆ. ನಮ್ಮಲ್ಲಿ ಅದು ಟೆಂಪೊರಲ್ ಲೋಬಿನೊಳಗೆ ಹಿಂದಿನಿಂದ ಮುಂದಕ್ಕೆ ಮಲಗಿದೆ. ಇಲಿಯ ಮೇಲ್ತುದಿಗೆ ನಮ್ಮಲ್ಲಿ ಸಾಟಿ ಹಿಂದಿನ ತುದಿ. ಎರಡಕ್ಕೂ ‘ಮೇಲೆ’ ಎಂದು ಬರೆದ ಬಾಣ ತೆಗೆಯಿರಿ.

ನೀವು ಕಟ್ಟಿದ ‘ಉಪಸಮುದ್ರಾಶ್ವ ವಲ್ಕ’ ಬೇಡ. ಪ್ಯಾರಾಹಿಪ್ಪೋಕ್ಯಾಂಪಲ್ ಕಾರ್ಟೆಕ್ಸ್ ಎಂದೇ ಬರೆಯಿರಿ. ಬೇಕಾದರೆ ಒಂದೇ ಸಾಲಿನಲ್ಲಿ ಹಿಪ್ಪೋಕ್ಯಾಂಪಸ್ ಎಂಬ ಹೆಸರಿನ ಕತೆ ಹೇಳಿ: 1587ರಲ್ಲಿ ಇಟಲಿಯ ಬೊಲೊನ್ಯಾದ ವೈದ್ಯ ಆರಾಂಜಿ ಅದನ್ನು ಕಡಲಕುದುರೆಗೂ ಹೋಲಿಸಿದ, ರೇಷ್ಮೆಹುಳಕ್ಕೂ ಹೋಲಿಸಿದ. ನಮ್ಮ ಕಡಲ ತೀರದ ಓದುಗರಿಗೆ ಇದು ಇಷ್ಟವಾಗುತ್ತದೆ.

ತಿದ್ದುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಮಣಿಪಾಲದ ಅನಾಟಮಿ ಮ್ಯೂಸಿಯಮ್ಮಿಗೆ ಹೋಗಿ. ಜಾಡಿಯ ಎದುರು ನಿಂತು ಮಿದುಳಿನ ತಳಭಾಗ ನೋಡಿ. ಚಿತ್ರವನ್ನು ಪುಸ್ತಕ ನೋಡಿ ಬಿಡಿಸಬೇಡಿ, ಅಲ್ಲೇ ಪೆನ್ಸಿಲಿನಲ್ಲಿ ಬಿಡಿಸಿ. ಅದನ್ನು ಮತ್ತು ಎರಡನೇ ಪುಟವನ್ನು ಮಾತ್ರ ಕಳಿಸಿದರೆ ಸಾಕು. ಅಜ್ಜಿಯ ಪುಟ ನನ್ನ ಮೇಜಿನ ಮೇಲೆಯೇ ಇರುತ್ತದೆ.

ನಿಮ್ಮ,
ಸಂಪಾದಕ
ಉಡುಪಿ