ಮನೆಗೆ ಬರೋ ಕೇರ್‌ಟೇಕರ್ ನಿಜವಾಗ್ಲೂ ಚೆನ್ನಾಗಿ ನೋಡ್ಕೊಳ್ತಿದಾರಾ, ಹೇಗೆ ಗೊತ್ತಾಗತ್ತೆ?
ಅಮ್ಮನ್ನ ಕೇಳಿದ್ರೆ "ಎಲ್ಲಾ ಚೆನ್ನಾಗಿದೆ" ಅಂತಾರೆ, ಕೇರ್‌ಟೇಕರ್ ಬರೆಯೋ ಬುಕ್ಕಲ್ಲೂ ಎಲ್ಲಾ ಟಿಕ್ ಆಗಿರತ್ತೆ, ಆದ್ರೂ ಯಾಕೋ ಸಮಾಧಾನ ಇಲ್ಲ ಅಂತ ಬರ್ದಿದೀರಲ್ಲ, ಆ ಅನುಮಾನ ಇಟ್ಕೊಳ್ಳೋದು ತಪ್ಪೇನಲ್ಲ. ನಾನು ಏಳು ವರ್ಷ ಒಂದು ಏಜೆನ್ಸೀಲಿ ಸೂಪರ್‌ವೈಸರ್ ಆಗಿದ್ದೆ, ಮನೆ ಮನೆಗೆ ಹೋಗಿ ಇದನ್ನೇ ಚೆಕ್ ಮಾಡೋದು ನನ್ನ ಕೆಲಸ.

ಮೊದ್ಲು ಆ "ಚೆನ್ನಾಗಿದೆ"ನ ಪಕ್ಕಕ್ಕಿಡಿ. ನಾಳೆ ಬೆಳಿಗ್ಗೆ ಅದೇ ಕೈಯಲ್ಲಿ ಸ್ನಾನ ಮಾಡಿಸ್ಕೋಬೇಕಾದವರು ಇವತ್ತು ಅವರ ಮೇಲೆ ದೂರು ಹೇಳ್ತಾರಾ? ಅಭಿಪ್ರಾಯ ಕೇಳ್ಬೇಡಿ, ನಡೆದಿದ್ದನ್ನ ಕೇಳಿ. ನಿನ್ನೆ ನೀರು ಹೊಯ್ಯೋ ಮೊದ್ಲು ಬಿಸಿ ಎಷ್ಟಿದೆ ಅಂತ ನೋಡಿದ್ರಾ, ಬಾತ್‌ರೂಮಿಗೆ ಹೋಗ್ಬೇಕು ಅಂತ ಕರೆದಾಗ ಎಷ್ಟೊತ್ತಿಗೆ ಬಂದ್ರು, ಇವತ್ತು ಹಾಕ್ಕೊಂಡಿರೋ ಬಟ್ಟೆ ನೀನು ಆರಿಸಿದ್ದಾ ಅವರು ಆರಿಸಿದ್ದಾ. ಕೇರ್‌ಟೇಕರ್ ಪಕ್ಕದಲ್ಲಿ ಇಲ್ಲದಿರುವಾಗ ಕೇಳಿ, ಅದು ಹೇಳ್ಬೇಕಾಗಿಲ್ಲ ಅನ್ಸತ್ತೆ.

ಬುಕ್ಕಿನ ವಿಷಯಕ್ಕೆ ಬಂದ್ರೆ ನಾನೇ ಒಂದ್ಸಲ ಸರಿಯಾಗಿ ಬೇಸ್ತು ಬಿದ್ದಿದೀನಿ. ಎದ್ದು ಓಡಾಡೋಕಾಗದ ಒಬ್ರು ಅಜ್ಜ, ಬುಕ್ ತೆಗೆದ್ರೆ ಎಂಟು, ಹತ್ತು, ಹನ್ನೆರಡು ಅಂತ ಎರಡೆರಡು ಗಂಟೆಗೆ "ಮಗ್ಗಲು ಬದಲಿಸಿದೆ" ಅಂತ ಮುದ್ದಾದ ಅಕ್ಷರ, ಒಂದೇ ಪೆನ್ನು, ಒಂದೇ ವಾಲು, ಒಂದು ನಿಮಿಷ ಆಚೀಚೆ ಇಲ್ಲ. ಅದನ್ನ ನೋಡಿ ಅನುಮಾನ ಬರ್ಬೇಕಿತ್ತು, ನಾನು ಖುಷಿಯಾಗಿ ಸೈನ್ ಹಾಕಿ ಬಂದೆ. ಮುಂದಿನ ವಾರ ಅವರ ಮಗಳು ಕಾಲುಚೀಲ ತೆಗೆದು ನೋಡಿದ್ರೆ ಹಿಮ್ಮಡಿ ನೇರಳೆ ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಕಾಲುಚೀಲ ತೆಗೆಯೋಕೆ ಅರ್ಧ ನಿಮಿಷ ಸಾಕು, ನಾನು ತೆಗೆದಿರ್ಲಿಲ್ಲ.

ಅದಕ್ಕೇ ಹೇಳ್ತೀನಿ, ಮೈ ನೋಡಿ. ಬೆನ್ನಿನ ಕೆಳಗಿನ ಮೂಳೆ ಹತ್ರ, ಸೊಂಟದ ಎರಡೂ ಪಕ್ಕ, ಹಿಮ್ಮಡಿ, ಮೊಣಕೈ. ಕೆಂಪಾಗಿದ್ರೆ ಬೆರಳಿಂದ ಒತ್ತಿ ಬಿಡಿ, ಒತ್ತಿದ ಜಾಗ ಬಿಳುಚಿ ಆಮೇಲೆ ಬಣ್ಣ ವಾಪಸ್ ಬಂದ್ರೆ ಪರ್ವಾಗಿಲ್ಲ, ಒತ್ತಿದ್ರೂ ಕೆಂಪು ಹಾಗೇ ನಿಂತಿದ್ರೆ ಅದು ಬೆಡ್ ಸೋರ್‌ನ, ಅಂದ್ರೆ ಒಂದೇ ಮಗ್ಗಲಲ್ಲಿ ಮಲಗಿ ಒತ್ತಡ ಬಿದ್ದು ಆಗೋ ಹುಣ್ಣಿನ, ಮೊದಲನೇ ಹಂತ. ಮೈಬಣ್ಣ ಕಪ್ಪಿದ್ರೆ ಕೆಂಪು ಕಾಣಿಸದೇ ಇರ್ಬಹುದು, ಆಗ ಸುತ್ತಲಿನ ಚರ್ಮಕ್ಕಿಂತ ಆ ಜಾಗ ಬಿಸಿ ಇದ್ಯಾ, ಗಟ್ಟಿ ಅಥ್ವಾ ತೀರಾ ಮೆತ್ತಗಿದ್ಯಾ ಅಂತ ಮುಟ್ಟಿ ನೋಡ್ಬೇಕು. ಕಾಲ್ಬೆರಳ ಸಂದಿ, ತೊಡೆಸಂದಿ ಒದ್ದೆ ಉಳ್ದಿದ್ರೆ ಸ್ನಾನ ಮಾಡಿಸಿದಾರೆ ಆದ್ರೆ ಒರೆಸಿಲ್ಲ ಅಂತರ್ಥ. ಉಗುರು, ನಾಲಿಗೆ, ಹಲ್ಲಿನ ಸೆಟ್ ಇದ್ರೆ ಅದರ ಒಳಭಾಗ ಇಷ್ಟನ್ನೂ ನೋಡಿ. ತೂಕ ಬರ್ದಿಟ್ಕೊಳ್ಳಿ, ಪ್ರಯತ್ನ ಪಡದೇನೇ ಒಂದು ತಿಂಗಳಲ್ಲಿ ಶೇ. 5ರಷ್ಟು, ಅಂದ್ರೆ 60 ಕೆಜಿ ಇದ್ದವರು 3 ಕೆಜಿ ಇಳಿದ್ರೆ ಡಾಕ್ಟರಿಗೆ ತೋರಿಸ್ಲೇಬೇಕು.

ಇನ್ನೊಂದು ಯಾರೂ ಗಮನಿಸಲ್ಲ, ಅದು ಅತಿಯಾಗಿ ಮಾಡಿಕೊಡೋದು. ಕ್ಯಾಟ್ಝ್ ಇಂಡೆಕ್ಸ್ ಅಂತ 1963ರಿಂದ ಇರೋ ಒಂದು ಅಳತೆ ಇದೆ, ಸ್ನಾನ, ಬಟ್ಟೆ, ಟಾಯ್ಲೆಟ್, ಹಾಸಿಗೆಯಿಂದ ಎದ್ದು ಕೂರೋದು, ಮಲಮೂತ್ರದ ಹಿಡಿತ, ಊಟ ಈ ಆರರಲ್ಲಿ ಯಾವುದನ್ನ ತಾವೇ ಮಾಡ್ಕೊಳ್ತಾರೆ ಅಂತ ನೋಡೋದು. ಅಮ್ಮಂದು ಇವತ್ತೇ ಬರ್ದಿಡಿ, ಮೂರು ತಿಂಗಳಾದ್ಮೇಲೆ ಮತ್ತೆ ನೋಡಿ. ಇಳಿದಾಕ್ಷಣ ಕೇರ್‌ಟೇಕರ್ ಮೇಲೆ ಹಾರ್ಬೇಡಿ, ಕಾಯಿಲೆಯಿಂದ್ಲೂ ಇಳಿಯತ್ತೆ. ಆದ್ರೆ ಮೊನ್ನೆವರೆಗೂ ತಾನೇ ಉಣ್ತಿದ್ದವರಿಗೆ ಟೈಮ್ ಉಳಿಸೋಕೆ ಅಂತ ಬಾಯಿಗೆ ತುತ್ತಿಡೋಕೆ ಶುರು ಮಾಡಿದ್ರೆ ಸ್ವಲ್ಪ ದಿನದಲ್ಲೇ ಆ ಕೈ ಮತ್ತೆ ಏಳಲ್ಲ. ನಾನು ನೋಡಿದ ಬೆಸ್ಟ್ ಕೇರ್‌ಟೇಕರ್ ಏನ್ ಮಾಡ್ತಿದ್ಳು ಗೊತ್ತಾ, ಲಕ್ವ ಹೊಡೆದಿದ್ದ ಒಬ್ಬ ಹೆಂಗಸು ಅಂಗಿಯ ಐದು ಬಟನ್ ತಾನೇ ಹಾಕ್ಕೊಳ್ತಿದ್ರು, ಹತ್ತು ನಿಮಿಷದ ಮೇಲಾಯ್ತು, ಇವಳು ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡು ಮಾತಾಡ್ತಾ ನಿಂತಿದ್ಳು. ಮೂರನೇ ಬಟನ್ ತಪ್ಪು ತೂತಿಗೆ ಹೋಯ್ತು, ಆಗ್ಲೂ ಕೈ ಮುಂದೆ ತರ್ಲಿಲ್ಲ, "ಒಂದ್ಸಲ ಕನ್ನಡೀಲಿ ನೋಡ್ಕೊಳ್ಳಿ" ಅಂದ್ಳು ಅಷ್ಟೇ.

ಹೇಳ್ದೆ ಕೇಳ್ದೆ ಬೇರೆ ಬೇರೆ ಟೈಮಿಗೆ ಹೋಗಿ ನೋಡಿ, ರಾತ್ರಿಯೂ ಒಂದ್ಸಲ. ಬಟ್ಟೆ ಬದಲಿಸುವಾಗ ಬಾಗಿಲು ಹಾಕ್ತಾರಾ, ಮೈಮೇಲೊಂದು ಟವೆಲ್ ಹೊದಿಸ್ತಾರಾ, ಅಮ್ಮ ಎದುರಿಗೇ ಇರುವಾಗ "ಇವರು ಮಾತ್ರೆ ತಗೊಂಡ್ರಾ" ಅಂತ ನಿಮ್ಮನ್ನ ಕೇಳ್ತಾರಾ ಇಲ್ಲಾ ಅವರನ್ನೇ ಕೇಳ್ತಾರಾ. ತಿಂಗಳಲ್ಲಿ ಎಷ್ಟು ಹೊಸ ಮುಖ ಬಂತು ಅಂತ ಲೆಕ್ಕ ಇಡಿ, ದಿನಕ್ಕೊಬ್ರ ಮುಂದೆ ಬಟ್ಟೆ ಬಿಚ್ಚೋದು ಯಾರಿಗೂ ಸುಲಭ ಅಲ್ಲ. ಹಾಗೇ ಅರ್ಧ ಗಂಟೆಯ ವಿಸಿಟ್‌ನಲ್ಲಿ ಸ್ನಾನ, ಬಟ್ಟೆ, ಊಟ, ಮಾತ್ರೆ ಎಲ್ಲಾ ಆಗ್ಬೇಕು ಅಂತ ನೀವೇ ಒಪ್ಪಂದ ಮಾಡ್ಕೊಂಡಿದ್ರೆ ಅದು ಕೇರ್‌ಟೇಕರ್ ತಪ್ಪಲ್ಲ, ಟೈಮ್ ಜಾಸ್ತಿ ಮಾಡಿಸಿ.

ಕ್ಯಾಮೆರಾ ಹಾಕ್ಲಾ ಅಂತ ಕೊನೇಲಿ ಕೇಳಿದೀರಿ. ಸ್ನಾನ, ಬಟ್ಟೆ ಬದಲಿಸೋ ಜಾಗದಲ್ಲಿ ಖಂಡಿತಾ ಬೇಡ. ಹಾಲಲ್ಲಿ ಹಾಕೋದಾದ್ರೆ ಕೇರ್‌ಟೇಕರ್‌ಗೂ ಹೇಳಿಯೇ ಹಾಕಿ, ಅದಕ್ಕೂ ಮೊದ್ಲು ಅಮ್ಮನ್ನ ಕೇಳಿ, ಅವರು ಬೇಡ ಅಂದ್ರೆ ಬೇಡ.