ಎರಡೇ ದಿನ ಇದ್ದರೆ ಸೆಲಿಗ್‌ಮನ್‌ನಿಂದ ಓಟ್‌ಮನ್‌ಗೆ ಹೋಗಿ

ಗಂಡ ಹೆಂಡತಿ ಇಬ್ಬರೇ ಹೋಗ್ತೀವಿ, ಎರಡೇ ದಿನ ಇದೆ, ಅಮೆರಿಕದ ಹಳೇ ಹೆದ್ದಾರಿ ರೂಟ್ 66ರಲ್ಲಿ ಯಾವ ಭಾಗ ನೋಡಬೇಕು ಅಂತ ಕೇಳಿದ್ದೀರಿ. ಯೋಚನೆನೇ ಬೇಡ, ಅರಿಝೋನಾ. ಷಿಕಾಗೋದಿಂದ ಸಾಂಟಾ ಮೋನಿಕಾವರೆಗೆ ಸುಮಾರು 3,900 ಕಿ.ಮೀ. ಇದೆ, ಪೂರ್ತಿ ಓಡಿಸೋಕೆ ಎರಡು ವಾರ ಆದರೂ ಬೇಕು. ನಾವಿಬ್ಬರೂ ಅದನ್ನು ತುಂಡು ತುಂಡಾಗಿಯೇ ನೋಡಿದ್ದು.

ಸೆಲಿಗ್‌ಮನ್‌ನಲ್ಲಿ ಶುರು ಮಾಡಿ. 1978ರಲ್ಲಿ ಹೊಸ ಹೆದ್ದಾರಿ ಐ-40 ಊರಿನ ಪಕ್ಕದಲ್ಲೇ ಹಾದುಹೋದ ಮೇಲೆ ಇಲ್ಲಿ ವ್ಯಾಪಾರವೇ ನಿಂತುಹೋಗಿತ್ತು. ಊರಿನ ಕ್ಷೌರಿಕ ಏಂಜೆಲ್ ಡೆಲ್ಗಾಡಿಲ್ಲೊ 1987ರಲ್ಲಿ ಅಕ್ಕಪಕ್ಕದವರನ್ನು ಸೇರಿಸಿ ಈ ಹಳೇ ರಸ್ತೆ ಉಳಿಸೋಕೆ ಸಂಘ ಕಟ್ಟಿದರು. ಇವತ್ತು ಜನ ಈ ರಸ್ತೆ ಹುಡುಕಿಕೊಂಡು ಬರುತ್ತಾರೆ ಅಂದರೆ ಅದಕ್ಕೆ ಅವರೇ ಮುಖ್ಯ ಕಾರಣ.

ಮ್ಯಾಪ್ ಹಾಕಿದರೆ ಅದು ಸುಮ್ನೆ ಐ-40ಗೆ ಎಳೆಯುತ್ತೆ. ಹಳೇ ರಸ್ತೆಯಲ್ಲೇ ಹೋಗೋಕೆ ಪೀಚ್ ಸ್ಪ್ರಿಂಗ್ಸ್, ಹ್ಯಾಕ್‌ಬೆರಿ ಎರಡನ್ನೂ ನಡುವಿನ ನಿಲುಗಡೆ ಅಂತ ಸೇರಿಸಿಬಿಡಿ. ಕಿಂಗ್‌ಮನ್‌ನಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಪೆಟ್ರೋಲ್ ತುಂಬಿಸಿಕೊಂಡು ಓಟ್‌ಮನ್ ಕಡೆ ಹತ್ತಿ. ಸಿಟ್‌ಗ್ರೀವ್ಸ್ ಪಾಸ್ ತಿರುವುಗಳು ನಮ್ಮ ಆಗುಂಬೆ ಘಾಟಿಯನ್ನೇ ನೆನಪಿಸುತ್ತವೆ, ಆದರೆ ಒಂದು ಹಸಿರೆಲೆ ಇಲ್ಲ! ಎಷ್ಟೋ ಕಡೆ ತಡೆಗೋಡೆಯೂ ಇಲ್ಲ. ನನ್ನವಳು ಇಡೀ ದಾರಿ ಬಾಗಿಲ ಹಿಡಿ ಬಿಡಲಿಲ್ಲ.

ಓಟ್‌ಮನ್‌ನಲ್ಲಿ ಕತ್ತೆಗಳದ್ದೇ ದರ್ಬಾರು. ಹಿಂದೆ ಚಿನ್ನದ ಗಣಿಯವರು ಬಿಟ್ಟುಹೋದ ಕತ್ತೆಗಳ ಸಂತತಿ ಅವು. ಒಂದು ನಮ್ಮ ಕಾರಿನ ಕಿಟಕಿಯೊಳಗೇ ಮೂತಿ ಹಾಕಿತು. ಮರಿಯೊಂದರ ಹಣೆಗೆ 'ತಿನ್ನಿಸಬೇಡಿ' ಅಂತ ಸ್ಟಿಕರ್ ಅಂಟಿಸಿದ್ದರು.

ಜೂನ್, ಜುಲೈ ಮಾತ್ರ ಬೇಡ, ಬಿಸಿಲು ಜಾಸ್ತಿ. ಮೋಟರ್‌ಹೋಮ್ ಬಾಡಿಗೆಗೆ ತಗೊಳ್ತೀರಾ? ಹಾಗಿದ್ದರೆ ಹೇಳಿ, 40 ಅಡಿಗಿಂತ ಉದ್ದದ ಗಾಡಿಯನ್ನು ಆ ಘಾಟಿಗೆ ಬಿಡುವುದಿಲ್ಲ.